ಮಂಜುಗಡ್ಡೆಯ ಬಾಗಿಲು

ದೊಡ್ಡಪ್ಪನ ಎಡ ಹುಬ್ಬು ಮೇಲೇರಿದರೆ ಬಿಯರ್ ಸರಿಯಾಗಿದೆ ಎಂದರ್ಥ. ಎರಡೂ ಹುಬ್ಬು ಗಂಟಿಕ್ಕಿದರೆ ಎಲ್ಲೋ ಎಡವಟ್ಟಾಗಿದೆ. ಹೋದ ವರ್ಷದ ಜ್ವರದಿಂದೀಚೆಗೆ ಮಾರ್ಲಿಸ್ ಹೂಬ್ನರ್ ಆ ಹುಬ್ಬುಗಳನ್ನು ನಂಬಿಕೊಂಡೇ ಬಿಯರ್ ಮಾಡುತ್ತಿದ್ದಳು.

ದಿನಾ ಬೆಳಿಗ್ಗೆ ನಾರ್ಬರ್ಟ್ ದೊಡ್ಡಪ್ಪ ಕೋಲೂರಿಕೊಂಡು ಇಳಿಜಾರು ಇಳಿದು ಬ್ರೂವರಿಗೆ ಬರುತ್ತಿದ್ದರು. ಅವಳು ಚಿಕ್ಕ ಲೋಟದಲ್ಲಿ ಅವರಿಗೊಂದಿಷ್ಟು ಬಿಯರ್ ಹಿಡಿದುಕೊಟ್ಟು ತಾನೂ ಒಂದು ಲೋಟ ಹಿಡಿದುಕೊಳ್ಳುವಳು. ಇಬ್ಬರೂ ಮೂಸುವರು, ಒಂದು ಗುಟುಕು ಕುಡಿಯುವರು. ಆಮೇಲೆ ದೊಡ್ಡಪ್ಪ ಲೋಟದ ಅಂಚಿನ ಮೇಲಿನಿಂದ ಅವಳನ್ನೇ ನೋಡುವರು. ಆ ನೋಟ ಬಹಳ ಹೊತ್ತು ಇರುತ್ತಿತ್ತು. ಅಷ್ಟು ಹೊತ್ತೂ ಮಾರ್ಲಿಸ್ ಎಲ್ಲ ಸರಿಯಿದೆ ಎನ್ನುವ ಮುಖ ಹೊತ್ತು ನಿಂತಿರುತ್ತಿದ್ದಳು. ಗೊತ್ತಾಗಿಹೋಯಿತೇ? ಈಗ ಕೇಳಿಯೇಬಿಡುತ್ತಾರೆಯೇ? ಕೊನೆಗೆ ಎಡ ಹುಬ್ಬು ಮೆಲ್ಲಗೆ ಏರುತ್ತಿತ್ತು. ಈ ವರ್ಷ ಅವು ಒಮ್ಮೆಯೂ ಗಂಟಿಕ್ಕಿರಲಿಲ್ಲ. ತನ್ನ ಪುಣ್ಯ ಎಂದುಕೊಂಡು ಅವಳು ಲೋಟ ತೊಳೆಯಲು ಹೋಗುತ್ತಿದ್ದಳು.

ಮಾರ್ಲಿಸ್‌ಗೆ ವಾಸನೆ ತಿಳಿಯುತ್ತಿರಲಿಲ್ಲ. ಜ್ವರ ಬಂದು ಹೋದಾಗ ಅದನ್ನೂ ಕರೆದುಕೊಂಡು ಹೋಗಿತ್ತು. ಕಾಫಿ ಬರೀ ಬಿಸಿನೀರಿನ ಕಹಿ. ಸುಟ್ಟ ಬ್ರೆಡ್ಡಿಗೂ ಸುಡದ ಬ್ರೆಡ್ಡಿಗೂ ಇದ್ದ ವ್ಯತ್ಯಾಸ ಬಣ್ಣದ್ದು ಮಾತ್ರ. ತೀರಿಹೋದ ಗಂಡ ಲಿರಾಯ್‌ನ ಕೋಟನ್ನು ಅವಳು ಒಗೆಯದೇ ಬೀರುವಿನಲ್ಲಿ ಇಟ್ಟಿದ್ದಳು. ಈಗ ಅದರಲ್ಲಿ ಮುಖ ಹುದುಗಿಸಿದರೆ ಉಣ್ಣೆ ಚುಚ್ಚುತ್ತಿತ್ತು, ಅಷ್ಟೇ. ನಾಲಿಗೆಗೆ ಸಿಹಿ, ಕಹಿ, ಹುಳಿ ತಿಳಿಯುತ್ತಿತ್ತು. ಆದರೆ ಬಿಯರ್ ಇರುವುದು ಮೂಗಿನಲ್ಲಿ. ಇದನ್ನು ಅವಳಿಗೆ ಕಲಿಸಿದವರೇ ದೊಡ್ಡಪ್ಪ.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದ ಮರುದಿನವೇ ಆ ಬಿಯರ್ ನಿಲ್ಲುತ್ತಿತ್ತು.

ಮಿಸಿಸಿಪ್ಪಿ ನದಿಯ ದಂಡೆಯ ಕೋಲ್ಬ್ ಲ್ಯಾಂಡಿಂಗ್ ಎಂಬ ಊರಿನಲ್ಲಿ ಆ ಬಿಯರನ್ನು ಜನ ‘ಹಳೇದು’ ಎಂದಷ್ಟೇ ಕರೆಯುತ್ತಿದ್ದರು. ಯುರೋಪಿನ ಬೊಹೀಮಿಯಾದ ಗಡಿಯಿಂದ ಬಂದ ಮೊದಲ ಹೂಬ್ನರ್‌ನ ತಲೆಯಲ್ಲಿ ಇದ್ದದ್ದು ತನ್ನೂರಿನ ಪಿಲ್ಸ್ನರ್ ಎಂಬ ತಿಳಿ ಹೊಂಬಣ್ಣದ ಬಿಯರ್; ಕೈಗೆ ಸಿಕ್ಕಿದ್ದು ಈ ನೆಲದ, ತೆನೆಗೆ ಆರು ಸಾಲು ಕಾಳು ಬಿಡುವ ಒರಟು ಬಾರ್ಲಿ. ಅದನ್ನು ಮೆದುಗೊಳಿಸಲು ಅವನು ಇಲ್ಲಿಯ ಮೆಕ್ಕೆಜೋಳವನ್ನು ಬೇರೆ ಹಂಡೆಯಲ್ಲಿ ಗಂಜಿಯಂತೆ ಬೇಯಿಸಿ ಬೆರೆಸಿದ. ಆಗ ದೇಶದ ತುಂಬ ಹೀಗೆಯೇ ಮಾಡುತ್ತಿದ್ದರಂತೆ. ಆಮೇಲೆ ಪಾನನಿಷೇಧ ಬಂತು, ಹೋಯಿತು. ಬದುಕುಳಿದ ದೊಡ್ಡ ಕಾರ್ಖಾನೆಗಳು ಅದೇ ಬಿಯರಿಗೆ ನೀರು ಹೊಯ್ಯುತ್ತ ಹೊಯ್ಯುತ್ತ ನೀರನ್ನೇ ಉಳಿಸಿದವು. ಹೂಬ್ನರ್ ಮನೆಯವರು ಹಠಕ್ಕೋ ಸೋಮಾರಿತನಕ್ಕೋ ಹಳೆಯದನ್ನೇ ಮಾಡುತ್ತ ಉಳಿದರು. ಈಗ ವ್ಯಾಪಾರ ನೋಡಿಕೊಳ್ಳುವವನು ದೊಡ್ಡಪ್ಪನ ಮಗ ಡುವೇನ್. ಅವನಿಗೆ ಮಾವಿನಹಣ್ಣು, ರಾಸ್‌ಬೆರಿ ಹಾಕಿದ ಹುಳಿ ಬಿಯರ್ ಮಾಡುವ ಆಸೆ. “ಆ ಜೋಳದ ಹಂಡೇಲಿ ಹೂವಿನ ಗಿಡ ನೆಟ್ರೆ ಎಷ್ಟು ಚೆನ್ನಾಗಿರತ್ತೆ ಗೊತ್ತಾ ಅಕ್ಕ” ಎಂದು ಅವನು ನಗುನಗುತ್ತಲೇ ಹೇಳುತ್ತಿದ್ದ. ದೊಡ್ಡಪ್ಪನಿಗೆ ಕೈಲಾಗುತ್ತಿರಲಿಲ್ಲ. ಉಳಿದದ್ದು ಮಾರ್ಲಿಸ್‌ಳ ಮೂಗು ಒಂದೇ.

ಮಾರ್ಚ್ ತಿಂಗಳಲ್ಲಿ ವೆಂಡೆಲ್ ಪ್ರಾಥರ್ ಫೋನ್ ಮಾಡಿದ. ಇಂಡಿಯಾನಾದಲ್ಲಿ ಶಾಲಾ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹಳೆಯ ಅಮೆರಿಕನ್ ಪಿಲ್ಸ್ನರ್ ಈಗ ಎಲ್ಲೆಲ್ಲಿ ಉಳಿದಿದೆ ಎಂದು ಕಾರಿನಲ್ಲಿ ಊರೂರು ಸುತ್ತುತ್ತಿದ್ದ. ಅವನು ಸರಿ ಎಂದದ್ದನ್ನು ನಾಲ್ಕು ರಾಜ್ಯಗಳ ಬಿಯರ್ ಪ್ರಿಯರು ಹುಡುಕಿಕೊಂಡು ಬರುತ್ತಿದ್ದರು.

“ಶುಕ್ರವಾರ ಬರ್ತೀನಿ ಕಣಮ್ಮ. ಪೀಪಾಯಿಂದ ನೇರ ಕುಡೀಬೇಕು. ನೀವೂ ಜೊತೇಲಿ ಕೂತು ಮೂಸಿ ಹೇಳ್ಬೇಕು. ನಿಮ್ಮ ಮೂಗಿನ ಬಗ್ಗೆ ಬಹಳ ಕೇಳಿದೀನಿ.”

ಡುವೇನ್ ಕುಣಿದಾಡಿದ. “ಅಕ್ಕ, ಈ ಮನುಷ್ಯ ಹೂಂ ಅಂದ್ರೆ ಹಳೇದು ಇನ್ನೊಂದು ಹತ್ತು ವರ್ಷ ಓಡತ್ತೆ. ಊಹೂಂ ಅಂದ್ರೆ ನಾನು ಹೂವಿನ ಬೀಜ ತರ್ತೀನಿ. ಆಮೇಲೆ ಅಳಬಾರದು.”

ಅಂದಿನಿಂದ ಮಾರ್ಲಿಸ್‌ಗೆ ಬೆಣ್ಣೆಯ ಭಯ ಹಿಡಿಯಿತು. ಹುದುಗಿದ ಬಿಯರಿನಲ್ಲಿ ಒಂದು ಬಗೆಯ ಬೆಣ್ಣೆ ವಾಸನೆ ಉಳಿದುಬಿಡುವುದುಂಟು. ಅದು ಪಿಲ್ಸ್ನರಿಗೆ ಕಳಂಕ. ಅದನ್ನು ಹೋಗಿಸಲು ಹೂಬ್ನರ್ ಮನೆಯಲ್ಲಿ ಹಳೆಯ ಪದ್ಧತಿಯೊಂದಿತ್ತು: ಅಂಗಳದಾಚೆಯ ಗುಡ್ಡದ ಗುಹೆಯಲ್ಲಿ, ಪೀಪಾಯಿಗಳಲ್ಲಿ ಮಾಗುತ್ತಿರುವ ಬಿಯರಿಗೆ, ಆಗತಾನೇ ನೊರೆಯೆದ್ದು ಹುದುಗುತ್ತಿರುವ ಎಳೆ ಬಿಯರನ್ನು ಸ್ವಲ್ಪ ಸುರಿದು, ಬಿರಡೆಯನ್ನು ಸಡಿಲ ಬಿಡುವುದು. ಎಳೆಯದು ಬೆಣ್ಣೆಯನ್ನೆಲ್ಲ ತಿಂದುಹಾಕುತ್ತದೆ. ಸ್ವಲ್ಪ ಎಂದರೆ ಎಷ್ಟು? ಅದನ್ನು ಮೂಗು ಹೇಳಬೇಕು. ಮೂಗು ಏನೂ ಹೇಳದೆ ಇದ್ದಾಗ ಮಾರ್ಲಿಸ್ ಎಂದಿನದಕ್ಕೆ ಇನ್ನೊಂದರಷ್ಟು ಸುರಿದಳು. ಹೆಚ್ಚಾದರೆ ಏನೂ ಕೆಡುವುದಿಲ್ಲ, ಕಡಿಮೆಯಾದರೆ ಕೆಟ್ಟೆ ಎಂದುಕೊಂಡಳು.

ಅವನು ಬರುವ ಹಿಂದಿನ ದಿನ, ಗುರುವಾರ, ಗಾಳಿ ತಿರುಗಿತು. ದಕ್ಷಿಣದಿಂದ ಬೆಚ್ಚನೆಯ ಗಾಳಿ ಬೀಸಿ ನದಿಯ ಮೇಲಿನ ಹಿಮ ಕರಗತೊಡಗಿತು. ಗುಡ್ಡವನ್ನು ಕೊರೆದು ಮಾಡಿದ ಗುಹೆ ಒಳಗೊಳಗೇ ಇಳಿದು ಹೋಗಿ, ಅದರ ತಳದ ಕೋಣೆಯ ಕೊನೆಯಲ್ಲಿ ನದಿಯ ಕಡೆಗೆ ತೆರೆಯುವ, ಮಂಡಿಯೆತ್ತರದ ಒಂದು ಬಾಗಿಲಿತ್ತು. ಹಿಂದೆ ನದಿಯಿಂದ ಕೊಯ್ದ ಮಂಜುಗಡ್ಡೆಯನ್ನು ಅದರ ಮೂಲಕ ಒಳಗೆ ಜಾರಿಸುತ್ತಿದ್ದರು. ಮಂಜುಗಡ್ಡೆಯ ಕಾಲ ಹೋದರೂ ಹೆಸರು ಉಳಿಯಿತು. ಬೆಚ್ಚನೆಯ ಗಾಳಿ ಒಳನುಗ್ಗಿ ಪೀಪಾಯಿ ಬಿಸಿಯಾದರೆ ಮಾಡಿದ್ದೆಲ್ಲ ಹಾಳು. ಮಾರ್ಲಿಸ್ ಹೊರಗಿನಿಂದ ಮಂಜುಗಡ್ಡೆಯ ಬಾಗಿಲನ್ನು ತಳ್ಳಿ ಮುಚ್ಚಿ, ಸಂದಿಗೆಲ್ಲ ಹುಲ್ಲಿನ ಗೋಣಿಚೀಲ ತುರುಕಿದಳು. ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡಳು. ಬೆಳಿಗ್ಗೆ ಅವಳ ತಲೆಯಲ್ಲಿ ವೆಂಡೆಲ್ ಪ್ರಾಥರ್ ಬಿಟ್ಟು ಬೇರೇನೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವನು ಬಂದ. ತಾಳೆಮರದಂಥ ಆಳು. ಕೈಯಲ್ಲಿ ಐಸ್ ಪೆಟ್ಟಿಗೆ.

“ಖಾಲಿ ಕೈಲಿ ಬರಬಾರದು ನೋಡಿ” ಎನ್ನುತ್ತ ಬ್ರೂವರಿಯ ಮುಂದಿನ ಬಾರಿನಲ್ಲಿ ಕೂತು, ಉಪ್ಪಿನಕಾಯಿ ಹಾಕಿದ ಮೊಟ್ಟೆಗಳ ಜಾಡಿಯನ್ನು ಪಕ್ಕಕ್ಕೆ ಸರಿಸಿ, ಬಾಟಲಿಗಳನ್ನು ಒಂದೊಂದಾಗಿ ಎತ್ತಿಟ್ಟ. “ಇದು ಪೆನ್ಸಿಲ್ವೇನಿಯಾದ್ದು. ಇದು ಒಹಾಯೋದಲ್ಲಿ ಒಬ್ಬ ಗ್ಯಾರೇಜಲ್ಲಿ ಮಾಡ್ತಾನೆ. ಹಗಲೆಲ್ಲ ಹಲ್ಲು ಕೀಳೋ ಡಾಕ್ಟ್ರು, ಸಂಜೆ ಬಿಯರ್. ಇನ್ನು ಇದು ನೋಡಿ, ಅಜ್ಜನ ಮೀಸೆ ಚಿತ್ರ, ಕುದುರೆ ಗಾಡಿ ಚಿತ್ರ. ಹಣೆಪಟ್ಟಿ ಮಾತ್ರ ಹಳೇದು, ಒಳಗಿರೋದು ನಿನ್ನೆ ಮೊನ್ನೆದು. ಇಂಥವೇ ಜಾಸ್ತಿ ಸಿಕ್ತವೆ. ನಿಜವಾದ್ದು ಸಿಗೋದು ಕೈಬೆರಳಲ್ಲಿ ಎಣಿಸೋಷ್ಟು.”

ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು. ಮದುವೆಗೆ ಹೊರಟವರ ಹಾಗೆ ಬಿಳಿ ಅಂಗಿ, ಅದರ ಮೇಲೆ ಹೆಗಲಿನಿಂದ ಇಳಿದು ಪ್ಯಾಂಟನ್ನು ಹಿಡಿದಿರುವ ಅಗಲ ಕೆಂಪು ಪಟ್ಟಿ. “ಮೇಷ್ಟ್ರಿಗೆ ಮನೇಲಿ ಹೆಂಡ್ತಿ ಬೈಯಲ್ವಾ?” ಎಂದು ಕೇಳಿದರು.

“ಬೈತಾಳೆ. ಅದಕ್ಕೇ ಊರೂರು ಸುತ್ತೋದು” ಎಂದು ವೆಂಡೆಲ್ ನಕ್ಕು, ಮೂರು ಲೋಟಗಳಿಗೆ ಬಿಯರ್ ಸುರಿದು, ಒಂದನ್ನು ಮಾರ್ಲಿಸ್‌ಳ ಮುಂದೆ ತಳ್ಳಿದ. “ತಗೊಳ್ಳಿ. ಇದರಲ್ಲಿ ಏನೋ ಒಂದು ತಪ್ಪಿದೆ. ಮೂಸಿದ ತಕ್ಷಣ ಗೊತ್ತಾಗತ್ತೆ. ಹೇಳಿ ನೋಡೋಣ.”

ಅವಳು ಲೋಟ ಎತ್ತಿ ಮೂಸಿದಳು. ತಣ್ಣನೆಯ ಗಾಳಿ ಮೂಗಿನೊಳಗೆ ಹೋಗಿ ಬಂತು. ದೊಡ್ಡಪ್ಪನ ಹುಬ್ಬಿನ ಕಡೆ ನೋಡಿದಳು. ಹುಬ್ಬು ಅಲುಗಲಿಲ್ಲ. ದೊಡ್ಡಪ್ಪ ಅವಳನ್ನೇ ನೋಡುತ್ತಿದ್ದರು. ಗೋಡೆಯ ಮೇಲಿನ ಗಡಿಯಾರ, ತಣ್ಣಗಿಡುವ ಯಂತ್ರದ ಗುಂಯ್ ಸದ್ದು, ಎಲ್ಲವೂ ಒಮ್ಮೆಲೇ ಕೇಳತೊಡಗಿದವು.

ಅಷ್ಟರಲ್ಲಿ ಅಡುಗೆಯ ಗೇಲ್ ಎಣ್ಣೆಯ ಡಬ್ಬ ಹೊತ್ತು ಹಾದುಹೋದದ್ದು ಕಣ್ಣಿಗೆ ಬಿತ್ತು. ಶುಕ್ರವಾರ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಮಾಂಸ ಮುಟ್ಟುವಂತಿಲ್ಲ; ಸಂಜೆ ಊರಿಗೆ ಊರೇ ಇಲ್ಲಿಗೆ ಮೀನು ತಿನ್ನಲು ಬರುತ್ತದೆ.

“ಈ ಮೀನು ಕರಿಯೋ ಎಣ್ಣೆ ವಾಸನೇಲಿ ಏನು ಮೂಸ್ತೀರಿ ಮೇಷ್ಟ್ರೇ” ಎಂದಳು ಮಾರ್ಲಿಸ್.

ವೆಂಡೆಲ್ ತಲೆಯೆತ್ತಿ ಗಾಳಿ ಮೂಸಿದ. “ಎಣ್ಣೆನಾ? ಒಲೆ ಹಚ್ಚೇ ಇಲ್ವಲ್ಲಮ್ಮ ಇನ್ನೂ.”

ಅಡುಗೆಮನೆಯಿಂದ ಗೇಲ್ ಕೂಡ ಇಣುಕಿ ನೋಡಿದಳು.

“ಹೋದ ವಾರದ್ದು ಕಣಯ್ಯ” ಎಂದರು ದೊಡ್ಡಪ್ಪ, ಥಟ್ಟನೆ. “ಗೋಡೆಗೆ ಅಂಟ್ಕೊಂಡಿರತ್ತೆ. ನನಗೂ ಬರ್ತಿದೆ.”

“ನಿಮ್ಮ ಮನೆಯವರ ಮೂಗು ಭಾರಿ ಸೂಕ್ಷ್ಮ ಬಿಡಿ. ನನಗಂತೂ ಏನೂ ಬರ್ತಿಲ್ಲ” ಎಂದ ವೆಂಡೆಲ್. ಅದು ಮೆಚ್ಚುಗೆಯೋ ಅನುಮಾನವೋ ಅವಳಿಗೆ ಗೊತ್ತಾಗಲಿಲ್ಲ.

ಒಳಗೆ ಜೋಳದ ಹಂಡೆಯ ಗಂಟೆ ಹೊಡೆಯಿತು. ಗಂಜಿ ಕುದಿಗೆ ಬಂದಿತ್ತು. ಈಗ ಕೈಬಿಟ್ಟರೆ ತಳ ಹಿಡಿಯುತ್ತದೆ. “ನೀವು ದೊಡ್ಡಪ್ಪನ ಜೊತೆ ಗುಹೆಗೆ ಹೋಗ್ತಿರಿ ಮೇಷ್ಟ್ರೇ, ನಾನು ಇದನ್ನ ಇಳಿಸಿ ಬಂದೆ” ಎಂದು ಮಾರ್ಲಿಸ್ ಎದ್ದಳು. ಎದ್ದವಳು ಓಡಿದಂತೆಯೇ ಹೋದಳು.

ಮರದ ಉದ್ದ ಹುಟ್ಟಿನಿಂದ ಗಂಜಿ ತಿರುವುತ್ತ ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ನಾನು ಬರುವುದರೊಳಗೆ ಅವರು ಕುಡಿದು ಮುಗಿಸಿರಲಿ. ದೊಡ್ಡಪ್ಪ ಎರಡು ಮಾತು ಹೇಳಿ ಕಳಿಸಿಬಿಡಲಿ. ಹಬೆ ಮುಖಕ್ಕೆ ಬಡಿಯುತ್ತಿತ್ತು. ಒಂದು ಕಾಲದಲ್ಲಿ ಈ ಹಬೆಯಲ್ಲಿ ಎಳೆ ತೆನೆ ಸುಟ್ಟ ವಾಸನೆ ಇರುತ್ತಿತ್ತು. ಚಿಕ್ಕವಳಿದ್ದಾಗ ಇದರ ಕೆಳಗೇ ನಿಂತು ಅವಳ ಕೂದಲೆಲ್ಲ ಜೋಳವಾಗುತ್ತಿತ್ತು. ಈಗ ಒದ್ದೆ ಮಾತ್ರ. ಅವಳು ಬೇಕೆಂದೇ ನಿಧಾನ ಮಾಡಿದಳು. ಗಂಜಿಯನ್ನು ದೊಡ್ಡ ಹಂಡೆಗೆ ಬಿಟ್ಟು, ಹುಟ್ಟನ್ನು ತೊಳೆದು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು.

ಅವರು ಮಾತ್ರ ಬರಲಿಲ್ಲ.

ಅಂಗಳ ದಾಟಿ ಗುಹೆಯ ಬಾಗಿಲು ತೆರೆದಾಗ ಒಳಗಿನ ತಂಪು ಎಂದಿನಂತೇ ಇತ್ತು. ಮೇಲಿನ ಕೋಣೆಯ ಗೋಡೆಯಲ್ಲಿ ಗಾಳಿ ಕೆಟ್ಟರೆ ಕೂಗುವ ಯಂತ್ರ ಹಸಿರು ದೀಪ ಉರಿಸುತ್ತ ಸುಮ್ಮನಿತ್ತು. ಕರೆಂಟಿನ ತಂತಿ ಅಲ್ಲಿಯವರೆಗೆ ಮಾತ್ರ ಎಳೆದಿದ್ದರಿಂದ ಅದು ಅಲ್ಲೇ ಇತ್ತು. ಕೆಳಗಿನ ಕೋಣೆಗೆ ಬ್ಯಾಟರಿ ದೀಪ. ಅವಳು ಕಲ್ಲಿನ ಮೆಟ್ಟಿಲು ಇಳಿಯತೊಡಗಿದಳು. ಮೇಷ್ಟ್ರ ಬೆನ್ನು ಕಂಡಿತು. ಮೆಟ್ಟಿಲು ಇನ್ನೂ ಕೆಲವು ಇರುವಾಗಲೇ ಕಾಲು ಜಾರಿ, ಗೋಡೆ ಹಿಡಿದು, ತಗ್ಗಿ ಕೂತಳು.

ಆಗ ಮೂಗಿನಲ್ಲಿ ಏನೋ ಆಯಿತು.

ಚುರ್ ಎಂದಿತು. ಮೂಗಿನ ಹೊಳ್ಳೆಯ ಒಳಗೆ, ಆಳದಲ್ಲಿ, ಒಂದು ವರ್ಷದಿಂದ ಸತ್ತು ಬಿದ್ದಿದ್ದ ಜಾಗದಲ್ಲಿ. ಬಂತು, ಅಂದುಕೊಂಡಳು ಮಾರ್ಲಿಸ್. ವಾಸನೆ ಬಂತು. ಕಣ್ಣು ತುಂಬಿಕೊಂಡವು. ಅವಳು ಆಸೆಬುರುಕಿಯಂತೆ ಇನ್ನೊಮ್ಮೆ ಎಳೆದುಕೊಂಡಳು. ಮತ್ತೆ ಚುರ್ ಎಂದಿತು, ಸೋಡಾ ಕುಡಿದು ತೇಗಿದಾಗ ಮೂಗಿಗೆ ಹೊಡೆಯುವ ಹಾಗೆ.

ಮೂರನೆಯ ಸಲ ಎಳೆದುಕೊಳ್ಳಲು ಹೋದವಳು ಅಲ್ಲೇ ತಡೆದಳು. ಅದು ವಾಸನೆಯಾಗಿರಲಿಲ್ಲ. ವಾಸನೆಗೆ ಒಂದು ಹೆಸರಿರುತ್ತದೆ: ಬ್ರೆಡ್ಡು, ಹುಲ್ಲು, ಜೋಳ. ಇದಕ್ಕೆ ಹೆಸರಿಲ್ಲ. ಇದು ಬರೀ ಉರಿ. ಎಳೆ ಬಿಯರ್ ಹುದುಗುವಾಗ ಬಿಡುವ ಗಾಳಿ. ಉಸಿರಿಗೆ ಆಗದ ಗಾಳಿ. ಮಾಮೂಲು ಗಾಳಿಗಿಂತ ಭಾರ. ನೀರಿನ ಹಾಗೆ ತಗ್ಗಿಗೆ ಹರಿದು, ದಾರಿ ಸಿಗದಿದ್ದರೆ ನೀರಿನ ಹಾಗೇ ನಿಂತುಕೊಳ್ಳುತ್ತದೆ. ಅದು ನದಿಯ ಕಡೆ ಹರಿದುಹೋಗಲಿ ಎಂದೇ, ಎಳೆಯದನ್ನು ಸುರಿದ ದಿನಗಳಲ್ಲಿ ಮಂಜುಗಡ್ಡೆಯ ಬಾಗಿಲನ್ನು ತೆರೆದಿಡುವುದು.

ಗೋಣಿಚೀಲ. ಇನ್ನೊಂದರಷ್ಟು ಸುರಿದದ್ದು.

ಅವಳು ಚಿಮ್ಮಿ ಎದ್ದು ನಿಂತಳು. ನಿಂತಾಗ ಉರಿ ಇರಲಿಲ್ಲ.

“ಬನ್ನಿ, ಬನ್ನಿ!” ವೆಂಡೆಲ್ ತಿರುಗಿ ಕೂಗಿದ. ಮುಖ ಕೆಂಪಗಾಗಿತ್ತು, ಮೆಟ್ಟಿಲು ಹತ್ತಿದವನ ಹಾಗೆ ಏದುತ್ತಿದ್ದ. “ಏನಮ್ಮಾ ಘಮ ಇಲ್ಲಿ! ಬ್ರೆಡ್ ಅಂಗಡಿ ಇದ್ದ ಹಾಗಿದೆ. ಸ್ವಲ್ಪ ತಲೆನೋವು ಬಂತು ನನಗೆ, ಖುಷಿಗೋ ಏನೋ. ಅಜ್ಜ ನೋಡಿ, ಕೂತಲ್ಲೇ ನಿದ್ದೆ ಹೋದ್ರು.”

ಕೊನೆಯ ಪೀಪಾಯಿಯ ನಲ್ಲಿಯ ಮುಂದೆ ಗಿಡ್ಡ ಮಣೆಯಿತ್ತು. ದೊಡ್ಡಪ್ಪ ಅದರ ಮೇಲೆ ಕೂತಿದ್ದರು. ಗದ್ದ ಎದೆಗೆ ತಾಗಿತ್ತು. ಲೋಟ ಮುಷ್ಟಿಯಲ್ಲಿತ್ತು.

“ದೊಡ್ಡಪ್ಪಾ!”

ಅವರು ಅಲುಗಲಿಲ್ಲ.

ಅವಳ ಕಾಲು ತಾನಾಗಿ ಒಂದು ಮೆಟ್ಟಿಲು ಇಳಿದುಬಿಟ್ಟಿತು. ಆಗ ದೊಡ್ಡಪ್ಪನದೇ ದನಿ ತಲೆಯಲ್ಲಿ ಕೇಳಿತು. ಕೆಲಸ ಕಲಿಯುವಾಗ ಗುಹೆಯ ಬಾಯಲ್ಲಿ ನಿಲ್ಲಿಸಿಕೊಂಡು ಹೇಳಿದ್ದು: ಬಿದ್ದೋನನ್ನ ಎತ್ತೋಕೆ ಇಳಿಬೇಡ. ನೀನೂ ಬೀಳ್ತೀಯ. ಮೊದಲು ಬಾಗಿಲು. ಅದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ. ಅವರ ಚಿಕ್ಕಪ್ಪ ಮತ್ತು ಚಿಕ್ಕಪ್ಪನನ್ನು ಎತ್ತಲು ಹೋದ ಕೆಲಸದವನು, ಇಬ್ಬರೂ ಒಂದೇ ದಿನ ಇದೇ ಕೋಣೆಯಲ್ಲಿ ಹೋಗಿದ್ದರು.

“ಮೇಷ್ಟ್ರೇ, ನಾ ಹೇಳೋದು ಕೇಳಿ. ಕೆಳಗೆ ಗಾಳಿ ಸತ್ತಿದೆ. ಬಗ್ಗಬೇಡಿ! ತಲೆ ತಗ್ಗಿಸಿದ್ರೆ ನೀವೂ ಹೋಗ್ತೀರಿ.”

ವೆಂಡೆಲ್‌ನ ಕೈಯ ಲೋಟ ಕೆಳಗೆ ಬಿದ್ದು ಒಡೆಯಿತು. “ಅಯ್ಯೋ ದೇವರೇ. ಅಜ್ಜ...”

“ತಲೆ ಎತ್ತಿ ಉಸಿರು ಕಟ್ಟಿ. ಅವರ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೀರಿ. ಎತ್ತಿ ನಿಲ್ಸಿ ಸಾಕು, ಮೂಗು ಮೇಲೆ ಬರ್ಲಿ. ಆಗ್ಲಿಲ್ಲ ಅಂದ್ರೆ ಬಿಟ್ಟು ಬಂದ್ಬಿಡಿ. ಕೇಳಿಸ್ತಾ? ಬಿಟ್ಟು ಬನ್ನಿ!”

ಆ ಮಾತು ತನ್ನ ಬಾಯಿಂದಲೇ ಬಂದದ್ದು ಅವಳಿಗೆ ಕೇಳಿಸಿತು. ಆಮೇಲೆ ಅವಳು ಓಡಿದಳು. ಅಂಗಳದಲ್ಲಿ “ಗೇಲ್, ಫೋನ್ ಮಾಡೇ! ದೊಡ್ಡಪ್ಪ ಗುಹೇಲಿ!” ಎಂದು ಚೀರಿ, ಗುಡ್ಡವನ್ನು ಬಳಸಿ ನದಿಯ ಕಡೆ ಇಳಿದಳು. ಕರಗುತ್ತಿದ್ದ ಹಿಮದಲ್ಲಿ ಮೊಣಕಾಲವರೆಗೆ ಹೂತುಹೋದಳು, ಎದ್ದಳು, ಮತ್ತೆ ಬಿದ್ದಳು. ನಿನ್ನೆ ಇದೇ ದಾರಿಯಲ್ಲಿ ತಾನು ಗೋಣಿಚೀಲ ಹೊತ್ತು ನಡೆದ ಹೆಜ್ಜೆಗಳು ಇನ್ನೂ ಹಾಗೇ ಇದ್ದವು.

ಚೀಲಗಳು ಒದ್ದೆಯಾಗಿ ಉಬ್ಬಿ ಸಂದಿಯಲ್ಲಿ ಕಚ್ಚಿಕೊಂಡಿದ್ದವು. ಉಗುರು ಕಿತ್ತುಬರುವ ಹಾಗೆ ಎಳೆದಳು. ಒಂದು ಬಂತು. ಇನ್ನೊಂದು ಬಂತು. ಬಾಗಿಲ ಬಳೆ ಹಿಡಿದು ಇಡೀ ಮೈಯ ಭಾರ ಹಿಂದಕ್ಕೆ ಹಾಕಿದಳು. ಬಾಗಿಲು ಕಿರುಗುಟ್ಟಿ ತೆರೆಯಿತು. ಕಣ್ಣಿಗೆ ಏನೂ ಕಾಣಲಿಲ್ಲ, ಆದರೆ ಕಾಲಿನ ಮೇಲೆ ತಣ್ಣನೆಯದೊಂದು ಹರಿದುಹೋದ ಹಾಗಾಯಿತು. ಅವಳು ಉಸಿರು ಬಿಗಿಹಿಡಿದು ಪಕ್ಕದ ದಿಬ್ಬಕ್ಕೆ ತೆವಳಿದಳು.

ಅಲ್ಲಿಂದ ಆ ಕಪ್ಪು ಬಾಯಿಯನ್ನೇ ನೋಡುತ್ತ ಕೂತಳು. ಒಳಗಿನಿಂದ ಸದ್ದಿಲ್ಲ. ನದಿಯ ಮೇಲೆ ಎಲ್ಲೋ ಹಿಮ ಬಿರುಕುಬಿಟ್ಟ ಸದ್ದು. ಮತ್ತೆ ಅದೂ ಇಲ್ಲ. ಇಡೀ ವರ್ಷ ಅವಳು ಮಾತಾಡದೇ ಉಳಿಸಿಕೊಂಡಿದ್ದೆಲ್ಲ ಆ ಬಾಯಿಯೊಳಗೆ ಕೂತಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಒಂದು ಹಂಡೆಯಲ್ಲಿ ಹೂವಿನ ಗಿಡ. ಅಷ್ಟೇ ತಾನೆ. ಮೇಷ್ಟ್ರೂ ಬಗ್ಗಿಬಿಟ್ಟರೇ? ಬಿಟ್ಟು ಬನ್ನಿ ಎಂದದ್ದು ಕೇಳಿಸಿತೇ? ಕೇಳಿಸಿ ಬಿಟ್ಟೇ ಬಂದರೇ?

ಕತ್ತಲಿನೊಳಗಿಂದ ಯಾರೋ ಕೆಮ್ಮಿದರು.

ಅದು ಮುದಿ ಕೆಮ್ಮು. ತಂಬಾಕಿನ ಕೆಮ್ಮು. ಅವಳು ಹುಟ್ಟಿದಾಗಿನಿಂದ ಕೇಳುತ್ತ ಬಂದದ್ದು.

ಗುಡ್ಡ ಬಳಸಿ ಓಡಿ ಬರುವಷ್ಟರಲ್ಲಿ ವೆಂಡೆಲ್ ದೊಡ್ಡಪ್ಪನನ್ನು ಅಂಗಳಕ್ಕೆ ತಂದು ಬಿಸಿಲಿನಲ್ಲಿ ಗೋಡೆಗೆ ಒರಗಿಸಿದ್ದ. ತಾನೂ ಪಕ್ಕದಲ್ಲೇ ಕುಸಿದಿದ್ದ. ಗೇಲ್ ಕಂಬಳಿ ತಂದು ಹೊದಿಸಿ, ಆಂಬುಲೆನ್ಸಿಗೆ ದಾರಿ ತೋರಿಸಲು ರಸ್ತೆಗೆ ಓಡಿದಳು. ದೊಡ್ಡಪ್ಪನ ಮುಖ ಬೂದಿಯ ಬಣ್ಣ. ಕಣ್ಣು ತೆರೆದಿತ್ತು. ಕೆಂಪು ಪಟ್ಟಿಯೊಂದು ಕಿತ್ತು ನೇತಾಡುತ್ತಿತ್ತು. ಬೆರಳುಗಳು ಲೋಟವನ್ನು ಇನ್ನೂ ಬಿಟ್ಟಿರಲಿಲ್ಲ. ತಳದಲ್ಲಿ ಒಂದು ಗುಟುಕು ಉಳಿದಿತ್ತು.

ಮಾರ್ಲಿಸ್ ಮಂಡಿಯೂರಿ ಅವರ ಪಾದ ಹಿಡಿದುಕೊಂಡಳು. ಯಾಕೆ ಪಾದ ಎಂದು ಅವಳಿಗೇ ಗೊತ್ತಿರಲಿಲ್ಲ.

“ನಿಮಗೆ ಹೇಗೆ ಗೊತ್ತಾಯ್ತು?” ಎಂದ ವೆಂಡೆಲ್, ಏದುತ್ತಲೇ. “ನಾನು ಅಷ್ಟು ಹೊತ್ತು ಅಲ್ಲೇ ಇದ್ದೆ. ಘಮ ಘಮ ಅಂತ ನಿಂತಿದ್ದೆ. ನೀವು ಬಂದ ತಕ್ಷಣ...”

“ನನಗೆ ಘಮ ಬರಲ್ಲ ಮೇಷ್ಟ್ರೇ.” ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. “ಹೋದ ವರ್ಷದಿಂದ ನನಗೆ ಯಾವ ವಾಸನೇನೂ ಬರಲ್ಲ. ಉರಿ ಮಾತ್ರ ಗೊತ್ತಾಯ್ತು. ನಾನೇ ಬಾಗಿಲು ಮುಚ್ಚಿದ್ದು. ನಾನೇ ಎಳೇದನ್ನ ಜಾಸ್ತಿ ಸುರಿದಿದ್ದು. ದೊಡ್ಡಪ್ಪ, ನಿಮ್ಮ ಮುಖ ನೋಡ್ಕೊಂಡು ಬಿಯರ್ ಮಾಡ್ತಿದ್ದೆ ನಾನು. ನಿಮ್ಮ ಹುಬ್ಬು ನೋಡ್ಕೊಂಡು.”

ದೊಡ್ಡಪ್ಪ ಅವಳನ್ನು ನೋಡಿದರು. ಲೋಟದ ಅಂಚಿನ ಮೇಲಿನಿಂದ ನೋಡುವ ಅದೇ ನೋಟ. ಎರಡೂ ಹುಬ್ಬುಗಳು ನಿಧಾನವಾಗಿ ಗಂಟಿಕ್ಕಿದವು. ಬೈಗುಳ ಬರಲಿ ಎಂದು ಅವಳು ತಲೆ ತಗ್ಗಿಸಿದಳು.

“ನನ್ನ ಮುಖನಾ?” ದನಿ ಒಡೆದಿತ್ತು. “ನಾನು ನಿನ್ನ ಮುಖ ನೋಡ್ತಿದ್ದೆ ಕಣೇ.”

ಅವಳು ತಲೆಯೆತ್ತಿದಳು.

“ನನ್ನ ಮೂಗು ಹೋಗಿ ಎಷ್ಟು ಕಾಲ ಆಯ್ತೋ. ವಯಸ್ಸು. ಸ್ವಲ್ಪ ಸ್ವಲ್ಪವೇ ಹೋಯ್ತು. ನಿನಗೆ ಹೇಳಿದ್ರೆ ನೀನು ಹೆದರ್ತೀಯ ಅಂತ... ನಿನ್ನ ಮುಖ ಸರಿ ಇದ್ರೆ ಬಿಯರ್ ಸರಿ ಇದೆ ಅಂತ ಹುಬ್ಬು ಎತ್ತುತ್ತಿದ್ದೆ.” ಅವರು ಕೆಮ್ಮಿದರು. “ಇವತ್ತು ಆ ಮಣೆ ಹತ್ತಿರ ಬಗ್ಗಿದಾಗ ಮೂಗು ಚುರ್ ಅಂತು. ಬಂತಪ್ಪಾ ದೇವರೇ ಅಂದ್ಕೊಂಡೆ. ಕಡೇ ಕಾಲಕ್ಕೆ ವಾಸನೆ ಬಂತು ಅಂದ್ಕೊಂಡೆ. ಅದಕ್ಕೇ ಕೂತೆ. ಇನ್ನಷ್ಟು ಬಗ್ಗಿ ಕೂತೆ.”

ಮಾಡಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ದೂರದಲ್ಲಿ ಸೈರನ್ ಮೊದಲಾಯಿತು.

ಮಾರ್ಲಿಸ್‌ಗೆ ಹೊಸದೊಂದು ಭಯ ನಿಧಾನವಾಗಿ ಮೇಲೇರಿತು. ಹಾಗಾದರೆ ಇಡೀ ವರ್ಷ ಈ ಬಿಯರನ್ನು ಯಾರು ಮೂಸಿದ್ದು? ಪೀಪಾಯಿ ಪೀಪಾಯಿ ಊರಿಗೆ ಹೋಗಿದೆ. ಮದುವೆಗೆ ಹೋಗಿದೆ, ತಿಥಿಗೆ ಹೋಗಿದೆ.

“ಊರಲ್ಲಿ ಒಬ್ರೂ ಏನೂ ಹೇಳ್ಲಿಲ್ವಲ್ಲ ದೊಡ್ಡಪ್ಪ?”

“ಹೂಬ್ನರ್ ಬಿಯರಿಗೆ ಈ ಊರಲ್ಲಿ ಯಾರೇ ಕೊಂಕು ತೆಗೀತಾರೆ? ಕೆಟ್ಟಿದ್ರೆ, ‘ಪರವಾಗಿಲ್ಲ, ಬೇರೆ ಥರ ಇದೆ’ ಅಂತ ಕುಡಿದು ಮನೆಗೆ ಹೋಗ್ತಾರೆ. ನಮ್ಮ ಜನ ಗೊತ್ತಿಲ್ವಾ ನಿನಗೆ.”

ಅವಳು ದೊಡ್ಡಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಲೋಟ ತೆಗೆದುಕೊಂಡು ವೆಂಡೆಲ್‌ನ ಮುಂದೆ ಹಿಡಿದಳು.

“ಈಗಲಾ?” ಎಂದ ಅವನು.

“ಈಗಲೇ. ನಿಜ ಹೇಳಿ.”

ವೆಂಡೆಲ್ ಮೂಸಿದ. ಕಣ್ಣು ಮುಚ್ಚಿ ಆ ಒಂದು ಗುಟುಕನ್ನು ಬಾಯಲ್ಲಿ ಇಟ್ಟುಕೊಂಡ. ದೊಡ್ಡಪ್ಪ ಮತ್ತು ಮಾರ್ಲಿಸ್ ಇಬ್ಬರೂ ಅವನ ಹುಬ್ಬುಗಳನ್ನೇ ನೋಡುತ್ತಿದ್ದರು.

“ಬೆಣ್ಣೆ ಇದೆ” ಎಂದ ಕೊನೆಗೆ. “ತುಂಬ ಅಲ್ಲ. ಆದ್ರೆ ಇದೆ. ಇನ್ನೂ ಮಾಗಬೇಕು ಇದು.” ಅವನು ಲೋಟದ ತಳವನ್ನು ನೋಡಿದ. “ಅದರ ಹಿಂದೆ ಇರೋದು... ಅದನ್ನೇ ನಾನು ಇಷ್ಟು ವರ್ಷ ಹುಡುಕ್ತಿದ್ದದ್ದು.”

ಆಂಬುಲೆನ್ಸಿನವರು ದೊಡ್ಡಪ್ಪನನ್ನು ಮಲಗಿಸಿಕೊಂಡು, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟರು. ವೆಂಡೆಲ್‌ನನ್ನೂ ಹತ್ತಿ ಎಂದರು. ಅವನು ಕೇಳಲಿಲ್ಲ, ಒಂದಿಷ್ಟು ಹೊತ್ತು ಕೊಳವೆ ಹಿಡಿದು ಕೂತು ಸಾಕೆಂದ. ಗೇಲ್ ದೊಡ್ಡಪ್ಪನ ಜೊತೆ ಹತ್ತಿದಳು. ಡುವೇನ್‌ಗೆ ಫೋನ್ ಹೋಗಿತ್ತು, ಅವನು ಆಸ್ಪತ್ರೆಗೆ ನೇರ ಬರುತ್ತಾನೆ. ಅವನ ಎದುರು ಎಲ್ಲವನ್ನೂ ಮತ್ತೆ ಹೇಳಬೇಕು. ಹೇಳುತ್ತೇನೆ, ಅಂದುಕೊಂಡಳು ಮಾರ್ಲಿಸ್. ಬಾಗಿಲು ಮುಚ್ಚುವ ಮೊದಲು ದೊಡ್ಡಪ್ಪ ಕೊಳವೆಯ ಹಿಂದಿನಿಂದ ಏನೋ ಅಂದರು. ಅವಳು ಬಗ್ಗಿದಳು.

“ಹೋದ ತಿಂಗಳದ್ದು ಕೊಡು ಅವನಿಗೆ” ಎಂದರು. “ಊರಿಗೆ ಹೋಗಿರೋದು. ಅದನ್ನ ಕೇಳು.”

ಅವಳು ಬಾರಿಗೆ ಹೋಗಿ, ಹೋದ ತಿಂಗಳ ಪೀಪಾಯಿಯಿಂದ ಒಂದು ಲೋಟ ತುಂಬಿದಳು. ನೊರೆ ಏರಿತು, ನಿಂತಿತು. ಬಣ್ಣ ಸರಿಯಿತ್ತು. ಅದಷ್ಟೇ ಅವಳಿಗೆ ಗೊತ್ತಿದ್ದದ್ದು. ಅಭ್ಯಾಸಬಲದಿಂದ ಮುಖ ತಾನಾಗಿ ಎಲ್ಲ ಸರಿಯಿದೆ ಎನ್ನುವ ಮುಖವಾಗಹೊರಟಿತ್ತು. ಅವಳು ಆ ಮುಖವನ್ನು ಕಳಚಿಬಿಟ್ಟಳು. ತುಟಿ ನಡುಗಿತು. ನಡುಗಲಿ ಎಂದುಕೊಂಡು ಲೋಟವನ್ನು ಮೇಷ್ಟ್ರ ಮುಂದಿಟ್ಟಳು.

ವೆಂಡೆಲ್ ಲೋಟವನ್ನು ಮೂಗಿನ ಬಳಿಗೆ ಒಯ್ದ. ಮಾರ್ಲಿಸ್ ಎದುರಿಗೆ ಕೂತು, ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾದಳು.